ಎಡಮೂಲೆಯ ಖಾಲಿ ಜಾಗ

ನಮ್ಮ ಕಬಡ್ಡಿ ಕೋಚ್ ಸಾರ್ ಅವರ ಎಡಗಿವಿ ಮುದುಡಿ ಗಂಟಾಗಿತ್ತು. ಚಪಾತಿ ಹಿಟ್ಟು ಪಾತ್ರೆಯ ಅಂಚಿಗೆ ಮೆತ್ತಿಕೊಂಡು ಒಣಗುತ್ತದಲ್ಲ, ಆ ತುಣುಕಿನ ಹಾಗೆ. ವರ್ಷಗಟ್ಟಲೆ ಆಡಿದವರ ಕಿವಿ ಎದುರಾಳಿಗಳ ಮೊಣಕಾಲು ತಾಗಿ ತಾಗಿ ಹಾಗಾಗುತ್ತದಂತೆ. ಮೊದಲ ದಿನ ಅದನ್ನು ನೋಡಿ, ಈ ಕಿವಿಗೆ ಏನು ಕೇಳಿಸುತ್ತದೋ ಶಿವನೇ ಎಂದು ಪಕ್ಕದವಳ ಹತ್ತಿರ ಪಿಸುಗುಟ್ಟಿದೆ. ಸಾರ್ ಮೈದಾನದ ಆ ತುದಿಯಲ್ಲಿ ನಮಗೆ ಬೆನ್ನು ಹಾಕಿ ನಿಂತಿದ್ದರು. ತಿರುಗದೆಯೇ, "ಉಸಿರು ಕೇಳಿಸುತ್ತೆ ಕಣಮ್ಮ. ನಿಂದು ಮಾತ್ರ ಎರಡು ಸಲ ಎಳೆದು ಒಂದು ಸಲ ಬಿಡುತ್ತೆ," ಅಂದರು. ನನ್ನ ಬಾಯಿ ಕುರುಬರಹಳ್ಳಿಗೆಲ್ಲ ಪ್ರಸಿದ್ಧ. ಅವತ್ತು ಅದು ತಾನಾಗಿ ಮುಚ್ಚಿಕೊಂಡಿತು.

ಕೋಚ್ ಎಂದರೆ ಸೀಟಿ, ಟ್ರ್ಯಾಕ್ ಸೂಟು, ಕೂಗಾಟ ಎಂದುಕೊಂಡಿದ್ದವಳು ನಾನು. ಇವರು ಮಡಿಸಿದ ತೋಳಿನ ಬಿಳಿ ಅಂಗಿ ಹಾಕಿ, ಚಪ್ಪಲಿಯನ್ನು ಅಂಕಣದ ಹೊರಗೆ ಬಿಟ್ಟು, ಮಣ್ಣು ಮುಟ್ಟಿ ಕಣ್ಣಿಗೊತ್ತಿಕೊಂಡು ಒಳಗೆ ಬರುವವರು. ನಾಯಂಡಹಳ್ಳಿಯ ಗೋಡೌನುಗಳ ಹಿಂದಿನ ಬಯಲಲ್ಲಿ ಆಡಿ ಬೆಳೆದವರಂತೆ. ಮೈಸೂರು ರಸ್ತೆಯ ಒಂದು ಕಾರ್ಖಾನೆಯ ತಂಡದಲ್ಲಿದ್ದರು, ಕಾರ್ಖಾನೆಗೆ ಬೀಗ ಬಿತ್ತು. ಆಮೇಲೆ ಹೈಸ್ಕೂಲೊಂದರಲ್ಲಿ ಡ್ರಿಲ್ ಮಾಡಿಸಿದರು. ರಾಜಾಜಿನಗರದ ಒಂದು ಕಾಲೇಜಿನಲ್ಲಿ ಅಸಿಸ್ಟೆಂಟ್ ಕೋಚ್ ಆದರು, ಅಲ್ಲಿ ಕಪ್ ಬಂತು. ಕಪ್ ಬಂದ ಕೂಡಲೇ ವಿಜಯನಗರದ ದೊಡ್ಡ ಕಾಲೇಜಿನವರು ಕರೆದು ಹೆಡ್ ಕೋಚ್ ಮಾಡಿದರು. ಅಲ್ಲಿಂದ ಯಾರಾದರೂ ಮೇಲಕ್ಕೆ ಹೋಗುತ್ತಾರೆ. ಇವರು ಕೆಳಗಿಳಿದರು. ಕೆಂಗೇರಿಯಲ್ಲಿ ಒಂದು ವರ್ಷ, ಅದರಾಚೆ ಇನ್ನೆಲ್ಲೋ ಒಂದು ವರ್ಷ, ಕೊನೆಗೆ ಬಸವೇಶ್ವರನಗರದ ನಮ್ಮ ಪುಟ್ಟ ಕಾಲೇಜು. ಎಲ್ಲ ಕಡೆಯೂ ಹನ್ನೊಂದು ತಿಂಗಳ ತಾತ್ಕಾಲಿಕ ನೇಮಕ. ಇಷ್ಟು ಒಳ್ಳೆಯ ಕೋಚನ್ನು ಯಾಕೆ ಬಿಟ್ಟರು ಎಂದು ನಮಗೆ ಅರ್ಥವಾಗಿರಲಿಲ್ಲ. ಅಭ್ಯಾಸ ಶುರುವಾಗಿ ಒಂದು ವಾರ ಕಳೆಯುವಷ್ಟರಲ್ಲಿ ಅರ್ಥವಾಯಿತು.

ಕಬಡ್ಡಿಯಲ್ಲಿ ಒಂದು ಕಡೆಗೆ ಏಳು ಜನ. ಸಾಲಿನ ಎಡತುದಿಯಲ್ಲಿ ನಿಲ್ಲುವವಳು ಲೆಫ್ಟ್ ಕಾರ್ನರ್. ದಾಳಿಗೆ ಬಂದವಳ ಕಣಕಾಲು ಹಿಡಿದು ಕೆಡವುವುದು ಅವಳ ಕೆಲಸ. ನಮ್ಮ ತಂಡದ ಲೆಫ್ಟ್ ಕಾರ್ನರ್ ನಾನು. ಆದರೆ ಅಭ್ಯಾಸದಲ್ಲಿ ಸಾರ್ ನನ್ನನ್ನು ಆ ಜಾಗದಲ್ಲಿ ನಿಲ್ಲಿಸುತ್ತಲೇ ಇರಲಿಲ್ಲ. ಉಳಿದ ಆರು ಜನ ಸಾಲಾಗಿ ನಿಂತರೆ, ಎಡಮೂಲೆ ಖಾಲಿ. ನಾನು ಗೆರೆಯ ಹೊರಗೆ, ಆ ಖಾಲಿ ಜಾಗದಿಂದ ಎರಡು ಹೆಜ್ಜೆ ಹಿಂದೆ. ಏನ್ಮಾಡಬೇಕು ಸಾರ್ ಎಂದು ಕೇಳಿದರೆ, "ಅವಳನ್ನ ನೋಡಿ ಕಲಿ," ಅಂದರು.

ಮೊದಲು ನಕ್ಕೆವು. ಆಮೇಲೆ ನಗು ನಿಂತಿತು. ಏಕೆಂದರೆ ಅವರು ಆ ಜಾಗದೊಂದಿಗೆ ಮಾತಾಡುತ್ತಿದ್ದರು, ನಮ್ಮೊಂದಿಗೆ ಮಾತಾಡುವಷ್ಟೇ ಸಹಜವಾಗಿ. ಇನ್ನೂ ಸ್ವಲ್ಪ ಬಗ್ಗಮ್ಮ. ಅವಸರ ಬೇಡ. ಹಾಂ, ಹಾಗೆ. ಬೆಳಗಿನ ಆರೂವರೆಯ ಎಳೆಬಿಸಿಲು, ಕಾಂಪೌಂಡಿನಾಚೆ ಹಾಲಿನ ವ್ಯಾನು, ಪಾರ್ಕಿಗೆ ಹೊರಟ ಅಜ್ಜಂದಿರು. ಇಷ್ಟೆಲ್ಲದರ ನಡುವೆ ನನ್ನ ಕಣ್ಣ ಮುಂದೆ ಎರಡು ಹೆಜ್ಜೆ ದೂರದ ಮಣ್ಣು. ಮೈದಾನವಿಡೀ ನೀರು ಚಿಮುಕಿಸಿದರೂ ಅಲ್ಲಿ ಮಾತ್ರ ಬೇಗ ಒಣಗುತ್ತಿತ್ತು. ದಿನಾ ನೋಡಿ ನೋಡಿ ನನಗೆ ಒಂದು ಅಭ್ಯಾಸ ಹತ್ತಿತು. ಆ ಜಾಗದಲ್ಲಿ ಯಾವಾಗ ಬಗ್ಗಬೇಕು, ಯಾವಾಗ ಎಡಗಾಲು ಹಿಂದಿಡಬೇಕು ಎಂಬುದು ನನಗೆ ಗೊತ್ತಾಗತೊಡಗಿತು. ಯಾರು ಹೇಳಿಕೊಟ್ಟರು? ಸಾರ್ ಅಂತೂ ಒಂದು ಮಾತೂ ಹೇಳಿಕೊಟ್ಟಿರಲಿಲ್ಲ. ನಿಜ ಹೇಳುತ್ತೇನೆ, ನನಗೆ ಭಯವಾಗಿತ್ತು. ಭಯವನ್ನು ಒಪ್ಪಿಕೊಳ್ಳುವ ಜಾಯಮಾನ ನನ್ನದಲ್ಲವಾದ್ದರಿಂದ ಅದನ್ನೆಲ್ಲ ಸಿಟ್ಟು ಮಾಡಿಕೊಂಡೆ.

ಅವರ ಮಾತು ಕಡಿಮೆ. ಪದೇ ಪದೇ ಹೇಳುತ್ತಿದ್ದದ್ದು ಒಂದೇ. ಕಬಡ್ಡಿಯಲ್ಲಿ ಔಟಾದವಳು ಹೊರಗೆ ಕೂರಬೇಕು, ತನ್ನ ಕಡೆಯವರು ಪಾಯಿಂಟ್ ತಂದರೆ ಮತ್ತೆ ಒಳಗೆ ಬರಬಹುದು. ಸತ್ತವರು ಬದುಕಿ ಬರುವ ಆಟ ಅದು. ನಾವು ಔಟಾದಾಗಲೆಲ್ಲ ತುದಿಗಾಲಲ್ಲಿ ಕೂತು ಒದ್ದಾಡುವುದನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. "ಹೊರಗೆ ಹೋದವರು ಒಳಗೆ ಬರೋಕೆ ಆತುರ ಪಡಬಾರದು," ಅನ್ನುತ್ತಿದ್ದರು. ನಮಗೆ ಅದು ಸೋಮಾರಿಗಳ ಮಾತಿನಂತೆ ಕೇಳುತ್ತಿತ್ತು.

ಆ ವರ್ಷ ನಾವು ಅಂತರಕಾಲೇಜು ಪಂದ್ಯಾವಳಿಯ ಸೆಮಿಫೈನಲ್‌ಗೆ ಬಂದುಬಿಟ್ಟೆವು. ನಮ್ಮ ಕಾಲೇಜಿನ ಹಣೆಯಲ್ಲಿ ಹಿಂದೆಂದೂ ಬರೆಯದಿದ್ದ ಸಂಗತಿ. ಪ್ರಿನ್ಸಿಪಾಲರು ಸಾರ್‌ಗೆ, ಗೆದ್ದರೆ ನಿಮ್ಮನ್ನು ಕಾಯಂ ಮಾಡುತ್ತೇವೆ ಎಂದು ಎಲ್ಲರೆದುರೇ ಹೇಳಿದರು. ನನಗೂ ಒಂದು ಲೆಕ್ಕವಿತ್ತು. ಫೈನಲ್ ಆಡಿದವರಿಗೆ ವಿಶ್ವವಿದ್ಯಾಲಯದ ತಂಡ, ತಂಡ ಸೇರಿದವರಿಗೆ ಕ್ರೀಡಾ ಕೋಟಾದಲ್ಲಿ ದೈಹಿಕ ಶಿಕ್ಷಣದ ಸೀಟು. ನಮ್ಮಪ್ಪ ಆಗಲೇ ಗಂಡು ನೋಡುತ್ತಿದ್ದರು. ಆ ಸೀಟು ಸಿಕ್ಕರೆ ನನ್ನ ಬದುಕು ನನ್ನದು, ಇಲ್ಲದಿದ್ದರೆ ಇಲ್ಲ. ಅಷ್ಟೇ ವಿಷಯ.

ಪಂದ್ಯ ಮಧ್ಯಾಹ್ನ, ಒಳಾಂಗಣ ಕ್ರೀಡಾಂಗಣದ ಮ್ಯಾಟಿನ ಮೇಲೆ. ಉಳಿದಿದ್ದ ಒಬ್ಬಳೇ ಬದಲಿ ಆಟಗಾರ್ತಿಯೂ ಕಾಲು ಉಳುಕಿಸಿಕೊಂಡು ಕೂತಿದ್ದಳು. ಎರಡು ನಿಮಿಷ ಬಾಕಿ ಇರುವಾಗ ಸ್ಕೋರ್ ಸಮಸಮ. ನಾನು ಔಟಾಗಿ ಹೊರಗಿದ್ದೆ. ಕೂತಲ್ಲೇ ಎದೆಯೊಳಗೆ ಯಾರೋ ಬಟ್ಟೆ ಹಿಂಡಿದಂತಾಯಿತು, ಹಾಗೇ ಸುಮ್ಮನಾಯಿತು. ಅಷ್ಟರಲ್ಲಿ ನಮ್ಮವಳು ಒಬ್ಬಳನ್ನು ಮುಟ್ಟಿ ಬಂದಳು. ನನಗೆ ಮರುಜೀವ. ದಡಬಡಿಸಿ ಎದ್ದೆ. ಸಾರ್ ನನ್ನ ಭುಜ ಹಿಡಿದರು. ಆ ಮುದುಡಿದ ಕಿವಿಯನ್ನು ನನ್ನ ಬೆನ್ನ ಹತ್ತಿರ ತಂದು ಒಂದು ಗಳಿಗೆ ನಿಂತರು. ಅವರ ಮುಖದ ಬಣ್ಣ ಹೋಯಿತು.

"ಕೂತ್ಕೋ," ಅಂದರು.

ನನಗೇನೂ ಆಗಿಲ್ಲ ಅಂದೆ. ಬೇಡಿದೆ. ಬೈದೆ ಕೂಡ. ಅವರು ರೆಫರಿಗೆ ಕೈ ಮಾಡಿ, ಇವಳಿಗೆ ಪೆಟ್ಟಾಗಿದೆ, ಆರೇ ಜನ ಆಡುತ್ತಾರೆ ಎಂದುಬಿಟ್ಟರು. ಸ್ಟ್ಯಾಂಡಿನಲ್ಲಿದ್ದ ಪ್ರಿನ್ಸಿಪಾಲರು ಎದ್ದು ನಿಂತರು. ನಮ್ಮ ಸಾಲು ಅಭ್ಯಾಸದಲ್ಲಿ ನಿಲ್ಲುವಂತೆಯೇ ನಿಂತಿತು, ಎಡಮೂಲೆ ಖಾಲಿ.

ಎದುರಾಳಿ ತಂಡದ ಒಳ್ಳೆಯ ರೈಡರ್ ಬಂದಳು. ಖಾಲಿ ಮೂಲೆ ಕಂಡರೆ ಯಾರು ಬಿಡುತ್ತಾರೆ? ನೇರ ಅಲ್ಲಿಗೇ ನುಗ್ಗಿದಳು. ಅಲ್ಲಿ ಯಾರೂ ಇರಲಿಲ್ಲ. ನಾನು ಎಂಟು ಅಡಿ ದೂರದಲ್ಲಿ ಕೂತು ಕಣ್ಣು ಪಿಳುಕಿಸದೆ ನೋಡಿದ್ದೇನೆ. ಅವಳ ಬಲಗಾಲು ಮ್ಯಾಟಿನ ಮೇಲೆ ಊರಿದ್ದು ಮೇಲೇಳಲಿಲ್ಲ. ಹುಡುಗಿ ಬಗ್ಗಿ ತನ್ನ ಕಾಲನ್ನೇ ನೋಡಿದಳು, ಎಳೆದಳು, ಬಿದ್ದಳು. ಅವಳ ಉಸಿರು ಮುರಿಯಿತು. ನಮ್ಮ ಬಲಗಡೆಯವರು ಓಡಿ ಬಂದು ಮೇಲೆ ಬಿದ್ದರು, ಪಾಯಿಂಟ್ ನಮ್ಮದಾಯಿತು. ಜನ ಚಪ್ಪಾಳೆ ತಟ್ಟಿದರು. ಸಾರ್ ಆ ಕಡೆ ತಿರುಗಿ, ಗೋಡೆಗೆ ಹಣೆ ಹಚ್ಚಿ ನಿಂತಿದ್ದರು.

ಆದರೂ ಕೊನೆಗೆ ಒಂದು ಪಾಯಿಂಟಿನಿಂದ ಸೋತೆವು. ಆರು ಜನ ಎಷ್ಟು ತಾನೇ ತಡೆದಾರು. ಕೈ ಕುಲುಕುವಾಗ ಆ ರೈಡರ್ ನನ್ನ ಹತ್ತಿರ ಬಂದಳು. ನಿಮ್ಮ ಲೆಫ್ಟ್ ಕಾರ್ನರ್ ಎಲ್ಲಿ, ಅವಳನ್ನು ನೋಡಬೇಕಿತ್ತು ಅಂದಳು. ನಾನೇ ಅಂದೆ. ಅವಳು ತಲೆಯಾಡಿಸಿದಳು. "ನೀನಲ್ಲ ಕಣೇ, ಒಳಗಿದ್ದವಳು. ಏನ್ ಹಿಡಿತ ಮಾರಾಯ್ತಿ ಅವಳ್ದು," ಎನ್ನುತ್ತಾ ಸಾಕ್ಸ್ ಇಳಿಸಿ ತೋರಿಸಿದಳು. ಕಣಕಾಲಿನ ಸುತ್ತ ಐದು ಬೆರಳು ಕೆಂಪಗೆ ಮೂಡಿದ್ದವು. ಅದನ್ನು ನಾನು ಯಾರಿಗೂ ಹೇಳಲಿಲ್ಲ.

ಹೇಳಲಿಲ್ಲ, ಅದೇ ನನ್ನ ತಪ್ಪಿನ ಮೊದಲರ್ಧ. ಎರಡನೆಯರ್ಧ ಮರುದಿನ ಮಾಡಿದೆ. ತಂಡದಲ್ಲಿ ಬರವಣಿಗೆ ಚೆನ್ನಾಗಿದ್ದದ್ದು ನನ್ನದೇ. ಪ್ರಿನ್ಸಿಪಾಲರಿಗೆ ಒಂದು ಪತ್ರ ಬರೆದೆ. ಕೋಚ್ ಬೇಕೆಂದೇ ಪಂದ್ಯ ಸೋಲಿಸಿದರು, ಅಭ್ಯಾಸದಲ್ಲಿ ದೆವ್ವ ಭೂತ ಎಂದು ಹೆಣ್ಣುಮಕ್ಕಳನ್ನು ಹೆದರಿಸುತ್ತಾರೆ, ಬುದ್ಧಿ ಸ್ಥಿಮಿತದಲ್ಲಿಲ್ಲ. ಒಂದೊಂದು ವಾಕ್ಯವನ್ನೂ ಮೆಣಸಿನಕಾಯಿ ಅರೆದಂತೆ ಅರೆದು ಬರೆದೆ. ಎಲ್ಲರ ಹತ್ತಿರ ಸಹಿ ಹಾಕಿಸಿದೆ, ಕೆಲವರಿಗೆ ಮನಸ್ಸಿರಲಿಲ್ಲ, ಗದರಿಸಿ ಹಾಕಿಸಿದೆ. ಸೋಮವಾರ ಬೆಳಿಗ್ಗೆ ಅಭ್ಯಾಸಕ್ಕೆ ಹೋದರೆ ಸಾರ್ ಇರಲಿಲ್ಲ. ಆಮೇಲೆ ಯಾವ ಕಾಲೇಜೂ ಅವರನ್ನು ಕರೆಯಲಿಲ್ಲ.

ಎರಡು ವರ್ಷದ ನಂತರ ಹೇಗೋ ಕಷ್ಟಪಟ್ಟು ಆ ದೈಹಿಕ ಶಿಕ್ಷಣದ ಸೀಟು ದಕ್ಕಿಸಿಕೊಂಡೆ. ಸೇರುವ ಮುಂಚೆ ವೈದ್ಯಕೀಯ ತಪಾಸಣೆ. ಡಾಕ್ಟರಮ್ಮ ಸ್ಟೆತಾಸ್ಕೋಪ್ ಇಟ್ಟವರು ಬಹಳ ಹೊತ್ತು ತೆಗೆಯಲೇ ಇಲ್ಲ. ಸ್ಕ್ಯಾನ್ ಮಾಡಿಸಿದರು. ಹುಟ್ಟಿನಿಂದಲೇ ಹೃದಯದ ಒಂದು ಗೋಡೆ ದಪ್ಪವಂತೆ, ಹೊರಗೆ ಏನೂ ತೋರುವುದಿಲ್ಲವಂತೆ, ಜೋರಾಗಿ ಓಡಾಡುವಾಗ ಒಂದು ದಿನ ಹಾಗೇ ನಿಂತುಹೋಗಬಹುದಂತೆ. ಎದೆ ಹಿಂಡಿದಂತೆ ಆಗಿತ್ತಾ ಎಂದು ಕೇಳಿದರು. ಒಂದು ಸಲ ಅಂದೆ. ಅವತ್ತು ಆಮೇಲೆ ಆಡಿದ್ರಾ ಎಂದರು. ಇಲ್ಲ, ಆಡಲು ಬಿಡಲಿಲ್ಲ ಅಂದೆ. "ಯಾರೋ ಪುಣ್ಯಾತ್ಮರು," ಅಂದರು ಡಾಕ್ಟರಮ್ಮ. ನಾನು ಆ ಕುರ್ಚಿಯಲ್ಲೇ ಮುಖ ಮುಚ್ಚಿಕೊಂಡು ಅತ್ತೆ.

ಆದರೂ ಸಾರ್ ಹತ್ತಿರ ಹೋಗಲು ನನಗೆ ಇನ್ನೂ ನಾಲ್ಕು ವರ್ಷ ಹಿಡಿಯಿತು. ನಾಚಿಕೆ ಕಾಲು ಕಟ್ಟಿತ್ತು. ಅಷ್ಟರಲ್ಲಿ ನಾನು ಆ ಸೀಟಿನ ಆಸೆ ಬಿಟ್ಟು, ಒಂದು ಹೈಸ್ಕೂಲಿನಲ್ಲಿ ಕನ್ನಡ ಟೀಚರಾಗಿದ್ದೆ. ಅವರು ಮೂಡಲಪಾಳ್ಯದ ಒಂದು ಅಪಾರ್ಟ್‌ಮೆಂಟಿನಲ್ಲಿ ವಾಚ್‌ಮನ್ ಕೆಲಸ ಮಾಡುತ್ತಿದ್ದರು. ಗೇಟಿನ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದವರು ನನ್ನನ್ನು ಕಂಡು ಎದ್ದು ಕುರ್ಚಿ ನನಗೆ ಕೊಟ್ಟರು. ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದೆ. ಪತ್ರ ಬರೆದವಳು ನಾನೇ ಅಂದೆ. ಗೊತ್ತು, ಅಕ್ಷರ ನೋಡಿದ್ದೆ ಅಂದರು. ಆಮೇಲೆ ನಾನು ಕೇಳದೆಯೇ ಆ ಎಡಮೂಲೆಯವಳ ವಿಷಯ ಹೇಳಿದರು.

ರಾಜಾಜಿನಗರದ ಕಾಲೇಜಿನಲ್ಲಿ ಅಸಿಸ್ಟೆಂಟ್ ಆಗಿದ್ದಾಗ ಫೈನಲ್ ಪಂದ್ಯ. ಲೆಫ್ಟ್ ಕಾರ್ನರ್ ಹುಡುಗಿ ಔಟಾಗಿ ಕೂತಿದ್ದಳು, ಎದೆ ಹಿಡಿದ ಹಾಗಿದೆ ಸಾರ್ ಅಂದಳು. ಇವರು, ಗ್ಯಾಸು, ಒಂದು ಗುಟುಕು ಸೋಡಾ ಕುಡಿ ಎಂದು ಹೇಳಿ, ಮರುಜೀವ ಬಂದ ಕೂಡಲೇ ಬೆನ್ನು ತಟ್ಟಿ ಒಳಗೆ ಕಳಿಸಿದರು. ಕೊನೆಯ ದಾಳಿಗೆ ಬಂದವಳ ಕಣಕಾಲನ್ನು ಅವಳು ಹಿಡಿದಳು, ಕಪ್ ಗೆದ್ದರು. ಜನ ಸಾರ್ ಅವರನ್ನು ಹೆಗಲ ಮೇಲೆ ಹೊತ್ತು ಮೈದಾನ ಸುತ್ತಿಸಿದರು. ಮೇಲಿನಿಂದ ನೋಡಿದರೆ ಅವಳು ಇನ್ನೂ ಮ್ಯಾಟಿನ ಮೇಲೇ ಇದ್ದಳು. ಎದುರಾಳಿ ಹುಡುಗಿ ಕಾಲು ಬಿಡಿಸಿಕೊಳ್ಳಲಾಗದೆ ಕಿರುಚುತ್ತಿದ್ದಳು. ಸತ್ತವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತಂತೆ. ಅದೇ ತಿಂಗಳು ವಿಜಯನಗರದ ಕಾಲೇಜಿನಿಂದ ಹೆಡ್ ಕೋಚ್ ಆಗಲು ಕರೆ ಬಂತು. ಅಲ್ಲಿ ಮೊದಲ ದಿನ ಹುಡುಗಿಯರನ್ನು ಸಾಲಾಗಿ ನಿಲ್ಲಿಸಿದರೆ, ಎಡಮೂಲೆಯಲ್ಲಿ ಅವಳೂ ಬಂದು ನಿಂತಿದ್ದಳು.

"ಆಗ ಒಬ್ಬರೂ ನನ್ನ ಮೇಲೆ ಒಂದು ಸಾಲು ದೂರು ಬರೀಲಿಲ್ಲ ಕಣಮ್ಮ. ಅವರಪ್ಪ ಕೂಡ ನಂಗೇ ಕೈ ಮುಗಿದು ಹೋದ್ರು. ನೀನು ಬರೆದೆ. ಓದಿದಾಗ, ಸದ್ಯ, ಇಷ್ಟು ವರ್ಷಕ್ಕೆ ಬಂತಲ್ಲ ಅನ್ನಿಸ್ತು."

ಅದು ಅದಕ್ಕೆ ಬರೆದ ಪತ್ರ ಅಲ್ಲ ಸಾರ್ ಅಂದೆ. ಅವರು ಯಾವುದೋ ಕಾರಿಗೆ ಗೇಟು ತೆಗೆದು ಬಂದರು. ಅವಳು ಈಗಲೂ ಬರುತ್ತಾಳಾ ಎಂದು ಕೇಳಿದೆ. ಆ ಸೆಮಿಫೈನಲ್ ಆದಮೇಲೆ ಇಲ್ಲ ಅಂದರು. ನನಗೆ ಸಮಾಧಾನವಾಗುತ್ತದೆ ಎಂದುಕೊಂಡು ಹೇಳಿರಬೇಕು, ಆದರೆ ಅವರ ಮುಖದಲ್ಲಿ ಸಮಾಧಾನ ಇರಲಿಲ್ಲ.

ಹೋದ ಆಷಾಢದಲ್ಲಿ ಸಾರ್ ತೀರಿಕೊಂಡರು. ಅದೇ ಕುರ್ಚಿಯಲ್ಲಿ ಕೂತಂತೆಯೇ ಇದ್ದರಂತೆ. ಮಣ್ಣಿಗೆ ಹೋಗಿ ಬಂದ ಮೇಲೆ ನನಗೆ ಮನೆಯಲ್ಲಿ ಕೂರಲಾಗಲಿಲ್ಲ. ನನ್ನ ಪತ್ರವನ್ನು ವಾಪಸ್ ಪಡೆಯಬೇಕು ಎಂದು ಹಳೆಯ ಕಾಲೇಜಿನ ಆಫೀಸಿಗೆ ಹೋದೆ. ಕ್ಲರ್ಕ್ ಹೊಸಬರು, ಒಳ್ಳೆಯವರು, ಅರ್ಧ ಗಂಟೆ ಹುಡುಕಿದರು. ತಾತ್ಕಾಲಿಕ ಸಿಬ್ಬಂದಿಯ ಫೈಲುಗಳನ್ನು ಯಾವತ್ತೋ ರದ್ದಿಗೆ ಹಾಕಿದ್ದಾರೆ, ಅವರು ಇಲ್ಲಿದ್ದರು ಎನ್ನುವುದಕ್ಕೆ ಒಂದು ಫೋಟೋ ಕೂಡ ಇಲ್ಲ ಅಂದರು. ದೂರುಗಳ ಫೈಲು ಮಾತ್ರ ಇತ್ತು. ಅದರಲ್ಲಿ ನನ್ನ ದುಂಡನೆಯ ಅಕ್ಷರ, ಕೆಳಗೆ ಕೆಂಪು ಇಂಕಿನಲ್ಲಿ ಕ್ರಮ ಕೈಗೊಳ್ಳಲಾಗಿದೆ ಎಂಬ ಷರಾ. ಅಷ್ಟು ಕಾಲೇಜುಗಳಲ್ಲಿ ದುಡಿದ ಮನುಷ್ಯನ ಬಗ್ಗೆ ಈ ಕಾಲೇಜಿನಲ್ಲಿ ಉಳಿದಿರುವ ಒಂದೇ ಒಂದು ಕಾಗದ ನಾನು ಬರೆದ ಸುಳ್ಳು.

ಅದನ್ನು ಕೊಡಿ ಎಂದು ಕೇಳಿದೆ. ದಾಖಲೆ ಮೇಡಂ, ಕೊಡೋಕೆ ಬರಲ್ಲ, ಬೇಕಾದರೆ ಇನ್ನೊಂದು ಪತ್ರ ಬರೆದು ತನ್ನಿ, ಜೊತೆಗೆ ಸೇರಿಸುತ್ತೇನೆ, ಒಂದು ಪುಟ ಸಾಕು ಅಂದರು. ಆಗಲಿ ಎಂದು ಮನೆಗೆ ಬಂದು ಬರೆಯಲು ಕೂತೆ. ಒಂದು ಪುಟದಲ್ಲಿ ಮುಗಿಯಲಿಲ್ಲ, ಇಷ್ಟಾಯಿತು. ಅವರು ಆ ಪಂದ್ಯವನ್ನು ಸೋಲಿಸಲಿಲ್ಲ. ನನ್ನನ್ನು ಹೊರಗೆ ಕೂರಿಸಿದರು, ಅದಕ್ಕೇ ನಾನು ಇದನ್ನು ಬರೆಯಲು ಬದುಕಿದ್ದೇನೆ.