ಹೊಸ ತಳಿ ಬಂದ ಸಂಕ್ರಾಂತಿ

ನಮ್ಮ ಓಣಿಯ ಮಟ್ಟಿಗೆ ನಾನು ವೈರಸ್ ತಜ್ಞೆ. ಈ ಪದವಿ ನಾನಾಗಿ ಬೇಡಿ ಪಡೆದದ್ದಲ್ಲ. ಕುಷ್ಟಗಿಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ, ಪುಸ್ತಕದಲ್ಲಿ ಸೂಕ್ಷ್ಮಜೀವಿಗಳ ಪಾಠ ಒಂದಿದೆ, ಅಷ್ಟಕ್ಕೇ ಜನ ನನಗೆ ಈ ಪಟ್ಟ ಕಟ್ಟಿದರು. ಟಿವಿಯಲ್ಲಿ ದೊಡ್ಡ ದೊಡ್ಡ ಡಾಕ್ಟರುಗಳು ಹೇಳಿದ್ದನ್ನೂ ನಮ್ಮ ಓಣಿಯವರು ನನ್ನ ಹತ್ತಿರ ತಂದು ಒರೆಗೆ ಹಚ್ಚಿಯೇ ನಂಬುವುದು. ನಾನೂ ತೀರಾ ನಿರಾಸೆ ಮಾಡುವವಳಲ್ಲ. ಗೊತ್ತಿದ್ದದ್ದನ್ನು ನಿಧಾನವಾಗಿ ಹೇಳುತ್ತೇನೆ, ಗೊತ್ತಿಲ್ಲದ್ದನ್ನು ಇನ್ನೂ ನಿಧಾನವಾಗಿ ಹೇಳುತ್ತೇನೆ.

ಹೀಗಾಗಿ ಓಮಿಕ್ರಾನ್ ಬಂತೆಂಬ ಸುದ್ದಿ ಬಂದ ಬೆಳಿಗ್ಗೆ ಹಾಲು ತರಲು ಹೋದವಳು ಅರ್ಧ ಓಣಿಗೆ ಪಾಠ ಮಾಡಿಯೇ ಮನೆಗೆ ಮರಳಿದೆ. ಹೆಸರೊಂದು ಬಾಯಿಗೆ ಬಂದರೆ ಅರ್ಧ ಭಯ ಹೋಗುತ್ತದೆ, ಆದರೆ ಈ ಹೆಸರು ಯಾರ ಬಾಯಿಗೂ ಸರಿಯಾಗಿ ಬರಲಿಲ್ಲ. ನಮ್ಮ ಅತ್ತೆಯವರಂತೂ ಅದನ್ನು ಮೊದಲ ದಿನವೇ ಓಂಕಾರ ಮಾಡಿಬಿಟ್ಟರು. "ದೇವರ ಹೆಸರಿಟ್ಟಾರ, ಇದು ಭಾಳೇನೂ ಮಾಡಂಗಿಲ್ಲ ಬಿಡು" ಎಂದು ಸಮಾಧಾನ ಬೇರೆ. ಪತ್ರಿಕೆಯವರು 'ರೂಪಾಂತರಿ' ಎಂದು ಬರೆದರು. ಆ ಪದ ಓದಿದಾಗಲೆಲ್ಲ ನನಗೆ ಬಯಲಾಟದ ರಾಕ್ಷಸಿಯೊಬ್ಬಳು ಸೀರೆ ಬದಲಿಸಿ ಮತ್ತೆ ರಂಗಕ್ಕೆ ಬಂದ ಹಾಗೆ ಅನಿಸುತ್ತದೆ. ಇನ್ನು ಕೆಲವರು 'ಹೊಸ ತಳಿ' ಎಂದರು. ಗಂಗಾವತಿ ಕಡೆಯ ಭತ್ತದ ರೈತರ ಮುಂದೆ ಹೊಸ ತಳಿ ಬಂದಿದೆ ಎನ್ನುವಾಗ ಸ್ವಲ್ಪ ನೋಡಿಕೊಂಡು ಹೇಳಬೇಕು. ಎಕರೆಗೆ ಎಷ್ಟು ಚೀಲ ಬರುತ್ತದೆ ಎಂದು ಕೇಳಿಯಾರು.

ಈ ಹೊಸ ತಳಿ ಬಂದಾಗ ನಮ್ಮ ಮನೆಯಲ್ಲಿ ಎಲ್ಲರಿಗಿಂತ ಮೊದಲು ಗಾಬರಿಯಾದವರು ಅತ್ತೆ. ಕಾರಣ ರೋಗವಲ್ಲ, ನನ್ನ ನಾದಿನಿ ಸುನಂದಾ. ಸುನಂದಾ ನರ್ಸು. ಯಲಬುರ್ಗಾ ತಾಲೂಕಿನ ಒಂದು ಆಸ್ಪತ್ರೆಗೆ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ಮೂವತ್ತು ದಾಟಿದೆ. ಹಿಂದೆ ಕೆಲವು ಸಲ ಅವಳನ್ನು ಚಾಪೆಯ ಮೇಲೆ ಕೂರಿಸಿ, ಉಪ್ಪಿಟ್ಟು ಬಾಳೆಹಣ್ಣು ಹಂಚಿ, ಹೆಣ್ಣು ನೋಡಲು ಬಂದವರು ತಿಂದು ಹೋದದ್ದುಂಟು. ಕೊನೆಯ ಸಲ ಬಂದವರಲ್ಲೊಬ್ಬರು "ನಿಂತು ತೋರ್ಸವ್ವಾ, ಎತ್ತರ ನೋಡೋಣು" ಎಂದಿದ್ದರು. ಅವಳು ಎದ್ದು ನಿಂತು, ಹಾಗೇ ಒಳಗೆ ಹೋಗಿ, ಮತ್ತೆ ಹೊರಗೆ ಬರಲಿಲ್ಲ. ಅಂದಿನಿಂದ ನಮ್ಮ ಮನೆಯಲ್ಲಿ ಉಪ್ಪಿಟ್ಟು ಮಾಡುವಾಗಲೂ ಅವಳ ಮುಖ ನೋಡಿ ಮಾಡುತ್ತೇವೆ.

ಆಮೇಲೆ ಗಂಗಾವತಿಯ ಸಂಬಂಧವೊಂದು ಬಂತು. ಹುಡುಗನ ಹೆಸರು ಮಹೇಶ. ಟ್ರ್ಯಾಕ್ಟರಿನ ಬಿಡಿಭಾಗಗಳ ಅಂಗಡಿ ಇಟ್ಟುಕೊಂಡಿದ್ದಾನೆ. ತಂದೆ ಇಲ್ಲ, ತಾಯಿ ಇದ್ದಾರೆ. ನೋಡುವ ದಿನ ಗೊತ್ತಾಗಿತ್ತು, ಅಷ್ಟರಲ್ಲಿ ಮೊದಲ ಲಾಕ್‌ಡೌನ್ ಬಂತು. ಮರುವರ್ಷ ಮತ್ತೆ ಗೊತ್ತಾಯಿತು, ಎರಡನೇ ಅಲೆ ಬಂತು. ಆಗ ಸುನಂದಾಳಿಗೆ ಮನೆಗೆ ಬಂದು ಸ್ನಾನ ಮಾಡಿ ಮಲಗಲೂ ಪುರುಸೊತ್ತಿರಲಿಲ್ಲ, ಗಂಡು ನೋಡುವುದೆಲ್ಲಿ? ಆದರೂ ಮಹೇಶನ ತಾಯಿ ಪಟ್ಟು ಬಿಟ್ಟಿರಲಿಲ್ಲ. ಫೋಟೋದಲ್ಲಿ ಈ ಹುಡುಗಿಯ ಹಣೆ ಅವರಿಗೆ ಭಾಳ ಹಿಡಿಸಿತ್ತಂತೆ.

ಈ ಸಲ ಅತ್ತೆ ಕೇಳಿದಾಗ ಸುನಂದಾ ಒಂದು ಕರಾರು ಹಾಕಿದಳು. "ಚಾಪಿ ಮ್ಯಾಲೆ ಕುಂದ್ರಂಗಿಲ್ಲವ್ವ. ಸಂಕ್ರಾಂತಿಗಿ ಹೆಂಗಿದ್ರೂ ನಾವು ಹುಲಿಗಿಗೆ ಹೊಳಿ ಜಳಕಕ್ಕ ಹೊಕ್ಕೀವಲ್ಲ, ಅವರೂ ಅಲ್ಲೇ ಬರ್ಲಿ. ಅವರ ಬುತ್ತಿ ಅವರು ಬಿಚ್ಚಲಿ, ನಮ್ಮ ಬುತ್ತಿ ನಾವು ಬಿಚ್ಚೋಣು. ಅವ ನನ್ನ ನೋಡ್ಲಿ, ನಾ ಅವನ್ನ ನೋಡ್ತೀನಿ. ಇದೂ ತಪ್ಪಿದ್ರ ಮತ್ತ ನನ್ನ ಕೇಳಬ್ಯಾಡ."

ಕೊನೆಯ ಮಾತು ಅವಳು ಸಿಟ್ಟಿನಿಂದ ಹೇಳಿದ್ದಲ್ಲ. ದಣಿದು ಹೇಳಿದ್ದು. ಅದಕ್ಕೇ ನಮಗೆಲ್ಲ ಹೆದರಿಕೆಯಾಯಿತು. ಎರಡು ವರ್ಷ ಊರಿನವರ ಜ್ವರ ನೋಡುತ್ತ ನೋಡುತ್ತ ಅವಳು ತನ್ನದೆನ್ನುವ ಎಲ್ಲದರ ಬಗೆಗೂ 'ಆದರೆ ಆಯಿತು, ಇಲ್ಲದಿದ್ದರೆ ಇಲ್ಲ' ಎನ್ನುವಂತಾಗಿದ್ದಳು. ಅತ್ತೆ ದೇವರಿಗೆ ತುಪ್ಪದ ದೀಪ ಹಚ್ಚಿ, ಹಬ್ಬ ಮುಗಿಯುವ ತನಕ ಓಂಕಾರ ಗಂಗಾವತಿ ಕಡೆ ತಲೆ ಹಾಕದಿರಲಿ ಎಂದು ಬೇಡಿಕೊಂಡರು.

ಓಂಕಾರ ಕೇಳಲಿಲ್ಲ. ಹಬ್ಬ ಹತ್ತಿರ ಬರುತ್ತಿದ್ದಂತೆ ರಾತ್ರಿ ಕರ್ಫ್ಯೂ ಎಂದರು, ವಾರಾಂತ್ಯದ ಕರ್ಫ್ಯೂ ಎಂದರು, ಗುಡಿಗಳಿಗೆ ಭಕ್ತರು ಬರಬಾರದು ಎಂದರು. ವೈರಸ್ಸಿಗೆ ಕ್ಯಾಲೆಂಡರ್ ಓದಲು ಬರುತ್ತದೆಯೇ ಎಂದು ಶಾಲೆಯಲ್ಲಿ ಹುಡುಗಿಯೊಬ್ಬಳು ಕೇಳಿದಳು. ಹಬ್ಬ ಬಂದಾಗಲೇ ಏಕೆ ಬರುತ್ತದೆ ಎಂಬುದು ಅವಳ ಪ್ರಶ್ನೆ. ಅದು ಹಬ್ಬಕ್ಕೆ ಬರುವುದಿಲ್ಲ, ನಾವು ಹಬ್ಬಕ್ಕೆ ಒಟ್ಟಿಗೆ ಸೇರುವುದರಿಂದ ಅದಕ್ಕೆ ಹಬ್ಬವಾಗುತ್ತದೆ ಎಂದು ಹೇಳಿದೆ. ಆ ಉತ್ತರವನ್ನು ನಾನೇ ಮೆಚ್ಚಿಕೊಂಡು ಮನೆಗೆ ಬಂದು ಅತ್ತೆಗೂ ಹೇಳಿದರೆ, ಅವರು "ಹೊಳೀಗಿ ಹೋಗೂದು ಬ್ಯಾಡ ಅಂತ ಹೇಳಾಕ ಇಷ್ಟ್ ಸುತ್ತಿ ಬರಬೇಕೇನವ್ವಾ?" ಎಂದು ಮುಖ ತಿರುಗಿಸಿದರು. ತಜ್ಞರಿಗೆ ಮನೆಯಲ್ಲಿ ಬೆಲೆ ಇಷ್ಟೇ.

ಆದರೂ ಹೊರಟೆವು. ಹೊಳೆಗೆ ಬಿಡುವುದಿಲ್ಲ ಎಂದು ಕೆಲವರು, ನಸುಕಿನಲ್ಲಿ ಹೋದರೆ ಬಿಡುತ್ತಾರೆ ಎಂದು ಕೆಲವರು ಹೇಳುತ್ತಿದ್ದರು. ಪಕ್ಕದ ಮನೆಯ ಖಾಜಾಸಾಬರು ತಮ್ಮ ಕ್ರೂಸರ್ ತೊಳೆದು ತಂದು ನಿಲ್ಲಿಸಿದರು. ಪ್ರತಿ ಸಂಕ್ರಾಂತಿಗೂ ನಮ್ಮನ್ನು ಹೊಳೆಗೆ ಒಯ್ಯುವವರು ಅವರೇ, ನಮ್ಮ ಜೊತೆ ಉಣ್ಣುವವರೂ ಅವರೇ. ಅತ್ತೆ ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಗುರೆಳ್ಳು ಚಟ್ನಿ, ಶೇಂಗಾ ಹೋಳಿಗೆ ಎಲ್ಲ ಕಟ್ಟಿದ್ದರು. ಒಂದು ಮದುವೆಯನ್ನೇ ಬುತ್ತಿ ಕಟ್ಟಿದಂತಿತ್ತು.

ಹೆದ್ದಾರಿಯಿಂದ ಹುಲಿಗಿ ಕಡೆ ತಿರುಗುವಲ್ಲಿ ಬ್ಯಾರಿಕೇಡ್ ಹಾಕಿದ್ದರು. ಖಾಜಾಸಾಬರು ಇಳಿದು ಪೊಲೀಸಪ್ಪನ ಹತ್ತಿರ ಹೋದರು. "ಸಾಹೇಬ್ರ, ಜಳಕ ಮಾಡಂಗಿಲ್ರಿ, ಬರೇ ನೀರ ನೋಡಿ ಬರ್ತೀವಿ" ಎಂದರು. ಅವನು ನಕ್ಕ. "ನೀರ ನೋಡಾಕ ಇಷ್ಟ್ ದೊಡ್ಡ ಡಬ್ಬಿ ಯಾಕ್ರಿ ಕಾಕಾ? ಬಿಡಂಗಿಲ್ಲ, ಆದೇಶ ಐತಿ. ತಿರುಗಸ್ರಿ ಗಾಡಿ" ಎಂದ.

ತಿರುಗಿಸುವಷ್ಟರಲ್ಲಿ ನಮ್ಮ ಮುಂದೆಯೇ ತಡೆದು ನಿಲ್ಲಿಸಿದ್ದ ಬಿಳಿ ಬಾಡಿಗೆ ಕಾರಿನಿಂದ ಹಿರಿಯ ಹೆಂಗಸೊಬ್ಬರು ಇಳಿದರು. ಮಾಸ್ಕಿನ ಮೇಲಿನ ಕಣ್ಣುಗಳಿಂದ ನಮ್ಮ ಗಾಡಿಯೊಳಗೆ ಹಣಕಿ, ಸುನಂದಾಳ ಹಣೆಯ ಮೇಲೆ ದೃಷ್ಟಿ ನಿಲ್ಲಿಸಿ, "ಕುಷ್ಟಗಿಯವರ ಹೌದಲ್ರಿ?" ಎಂದರು. ಹಣೆಯೊಂದೇ ಕಾಣುವ ಕಾಲದಲ್ಲಿ ಹಣೆ ಮೆಚ್ಚಿದವರೇ ಜಾಣರು.

ರಸ್ತೆಯ ಪಕ್ಕದಲ್ಲಿ ಬೇವಿನ ಮರವಿತ್ತು, ಅದರಾಚೆ ಕಡಲೆ ಹೊಲ. ಅಲ್ಲೇ ಕೂರುವುದೆಂದಾಯಿತು. ಸುನಂದಾ ನರ್ಸಿನ ದನಿಯಲ್ಲಿ ಎಲ್ಲರನ್ನೂ ದೂರ ದೂರ ಕೂರಿಸಿದಳು. ಗಂಗಾವತಿಯ ಜಮಖಾನ ಮರದ ಆ ಬದಿ, ನಮ್ಮದು ಈ ಬದಿ. ಮಾಸ್ಕ್ ತೆಗೆಯಬೇಡಿ, ಉಣ್ಣುವಾಗ ಒಂದು ಬದಿಯವರು ಉಂಡು ಮುಗಿಸಿದ ಮೇಲೆ ಇನ್ನೊಂದು ಬದಿಯವರು ಎಂದಳು. ಅತ್ತೆ ನನ್ನ ಕಿವಿಯಲ್ಲಿ, "ಈಕಿ ಗಂಡು ನೋಡಾಕ ಬಂದಾಳೋ, ಸೂಜಿ ಚುಚ್ಚಾಕ ಬಂದಾಳೋ?" ಎಂದರು. ಮಹೇಶ ಎದುರಿಗೆ ತಲೆ ತಗ್ಗಿಸಿ ಕೂತಿದ್ದ. ಮಾಸ್ಕಿನ ಮೇಲೆ ಎರಡು ಕಣ್ಣು ಮಾತ್ರ, ಅವೂ ಕೆಂಪಾಗಿದ್ದವು. ನಾಚಿಕೆಯಿರಬಹುದು ಎಂದುಕೊಂಡೆ.

ನಾಚಿಕೆಯಲ್ಲ. ಮೊಣಕೈಗೆ ಮುಖ ಒತ್ತಿಕೊಂಡು ಅವನು ಒಂದು ಸೀನು ಸೀನಿದ. ತಡೆದುಕೊಳ್ಳಲಾಗದೆ ಇನ್ನೊಂದು.

ಆ ವರ್ಷಗಳಲ್ಲಿ ಒಂದು ಸೀನಿಗೆ ಎಂಥ ಶಕ್ತಿಯಿತ್ತೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಪಿಸ್ತೂಲು ಹಾರಿಸಿದ್ದರೆ ನಾವು ಅಷ್ಟು ಬೇಗ ಏಳುತ್ತಿರಲಿಲ್ಲವೇನೋ. ಖಾಜಾಸಾಬರು ಕ್ರೂಸರಿನ ಹಿಂದೆ ಮರೆಯಾದರು. ನಮ್ಮ ಯಜಮಾನರು ಕಡಲೆ ಹೊಲಕ್ಕೇ ಇಳಿದರು. ಓಣಿಯ ತಜ್ಞೆ ಹೋಳಿಗೆಯ ಡಬ್ಬಿಯನ್ನು ಎದೆಗವಚಿಕೊಂಡು ಹಿಂದೆ ಸರಿದಳು. ಅವನ ತಾಯಿ ಮಾತ್ರ ಕೂತಲ್ಲೇ ಕೂತು, "ಬರೇ ಥಂಡಿ ರೀ, ಬರೇ ಥಂಡಿ" ಎನ್ನುತ್ತಿದ್ದರು. ಎಲ್ಲರೂ ಹಿಂದೆ ಸರಿಯುತ್ತಿರುವಾಗ ಒಬ್ಬಳೇ ಒಬ್ಬಳು ಮುಂದೆ ನಡೆದಳು. ಸುನಂದಾ ಅವನ ಹತ್ತಿರ ಹೋಗಿ ನಿಂತು, "ಜ್ವರ ಯಾವಾಗಿಂದ ಬಂದಾವ್ರಿ?" ಎಂದು ಕೇಳಿದಳು.

"ನಿನ್ನೆ ಸಂಜೀಲಿಂದ್ರಿ."

"ಮತ್ತ ಯಾಕ ಬಂದ್ರಿ? ಆ ಕಡೆ ನಿಮ್ಮವ್ವ ಅದಾರ, ಈ ಕಡೆ ನಮ್ಮವ್ವ ಅದಾಳ. ಇಬ್ಬರಿಗೂ ವಯಸ್ಸಾಗೈತಿ. ಅಷ್ಟೂ ತಿಳಿಯಂಗಿಲ್ಲೇನು?"

"ತಪ್ಪಾತ್ರಿ," ಎಂದ ಅವನು. "ಇದೂ ತಪ್ಪಿದ್ರ ನೀವು ಮತ್ತ ಬರಂಗಿಲ್ಲ ಅಂದೀರಂತ ಅವ್ವ ಹೇಳಿದ್ಲು. ಎರಡು ಸಲ ತಪ್ಪೈತಿ. ಅದಕ್ಕ ಬಂದ್ನಿ."

ಅವಳ ದನಿ ಇಳಿಯಿತು. ತಾಯಿ ಮುಂದೆ ಡ್ರೈವರನ ಪಕ್ಕ ಕೂರಲಿ ಎಂದು, ಅವನಿಗೆ ಕಾರಿನ ಹಿಂದಿನ ಸೀಟಿನಲ್ಲಿ ಕಿಟಕಿ ತೆರೆದು ಕೂರಲು ಹೇಳಿದಳು. ಎಲ್ಲಿ ಪರೀಕ್ಷೆ ಮಾಡಿಸಬೇಕು, ಯಾವ ಗುಳಿಗೆ, ತಾಯಿಯನ್ನು ಹೇಗೆ ದೂರ ಇಡಬೇಕು ಎಂದು ವಿವರಿಸಿ, ಅವನ ನಂಬರ್ ಬರೆದುಕೊಂಡಳು. ಅತ್ತೆ ಅರ್ಧ ಬುತ್ತಿಯನ್ನು ಕಾರಿನ ಮುಂದಿನ ಸೀಟಿನಲ್ಲಿಟ್ಟು, ಅವನ ತಾಯಿಗೆ ದೂರದಿಂದಲೇ ಕೈ ಮುಗಿದರು. ಎರಡು ಗಾಡಿಗಳೂ ಬಂದ ದಾರಿಯಲ್ಲಿ ಹೊರಳಿದವು. ದಾರಿಯುದ್ದಕ್ಕೂ ಅತ್ತೆ ಕಿಟಕಿಯ ಹೊರಗೆ ನೋಡುತ್ತಿದ್ದರು. ಕುಷ್ಟಗಿ ಹತ್ತಿರ ಬಂದಾಗ "ಮುರೀತು ಬಿಡು" ಎಂದರು. ಸುನಂದಾ ಆ ಹೊಲದ ಬೇಲಿಯ ಬದಿಯಲ್ಲಿ ಕಿತ್ತುಕೊಂಡಿದ್ದ ಹಸಿ ಕಡಲೆ ಸುಲಿದು ತಿನ್ನುತ್ತ ಕೂತಿದ್ದಳು.

ಮಹೇಶನಿಗೆ ಪಾಸಿಟಿವ್ ಬಂತು. ಅವನು ಅಂಗಡಿಯ ಮೇಲಿನ ಕೋಣೆ ಸೇರಿದ. ನಾವೂ ಮನೆಯೊಳಗೆ ಉಳಿದೆವು, ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಸುನಂದಾ ಬೆಳಿಗ್ಗೆ ಸಂಜೆ ಅವನಿಗೆ ಫೋನ್ ಮಾಡಿ ಜ್ವರ ಎಷ್ಟು, ಕೆಮ್ಮು ಹೇಗಿದೆ ಎಂದು ಕೇಳುವಳು. ಅದು ಅವಳ ಕಸುಬು, ನಾವು ಯಾರೂ ಕಿವಿಗೊಡಲಿಲ್ಲ. ಜ್ವರ ಇಳಿಯಿತು, ಕೆಮ್ಮೂ ಇಳಿಯಿತು. ಫೋನ್ ಇಳಿಯಲಿಲ್ಲ. ಆಗ ಕಿವಿಗೊಟ್ಟೆವು.

ಒಂದು ಮಧ್ಯಾಹ್ನ ಅವಳು ಹಿತ್ತಲ ಕಟ್ಟೆಯ ಮೇಲೆ ತಟ್ಟೆ ಇಟ್ಟುಕೊಂಡು, ಫೋನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಉಣ್ಣುತ್ತಿದ್ದಳು. ನಾನು ಒಗೆದ ಬಟ್ಟೆ ಹಾಕಲು ಹೋದವಳು ಹಗ್ಗದ ಈಚೆಯೇ ನಿಂತೆ. ಅವಳು ಹೇಳುತ್ತಿದ್ದಳು:

"ಈಗ ಪುಂಡಿಪಲ್ಯ. ಮೊದ್ಲು ಹುಳಿ ಹತ್ತತೈತ್ರಿ, ದವಡಿ ಜುಮ್ ಅಂತೈತಿ. ಆಮ್ಯಾಲೆ ಬಳ್ಳೊಳ್ಳಿ. ಖಾರ ಕಡೀಕ ಬರತೈತಿ, ಹೇಳದ ಕೇಳದ. ನಿಮಗ ನೆನಪಾಗವಲ್ದೇನು?"

ಅವನ ರುಚಿ ಹೋಗಿತ್ತು. ಏನು ತಿಂದರೂ ಬೂದಿ ತಿಂದಂತೆ, ಅದಕ್ಕೆ ಊಟವನ್ನೇ ಬಿಟ್ಟಿದ್ದನಂತೆ. ಇವಳು ತಾನು ಉಣ್ಣುವಾಗ ಒಂದೊಂದು ತುತ್ತಿನ ರುಚಿಯನ್ನೂ ಹೇಳುತ್ತಿದ್ದಳು, ಅವನು ಅಲ್ಲಿ ಅದನ್ನು ಕೇಳುತ್ತ ತನ್ನ ತಟ್ಟೆ ಖಾಲಿ ಮಾಡುತ್ತಿದ್ದ. ನಾಲಿಗೆಯ ತುದಿಯಲ್ಲಿ ಸಿಹಿ, ಬದಿಯಲ್ಲಿ ಹುಳಿ, ಹಿಂದೆ ಕಹಿ ಎಂದು ನಾವೆಲ್ಲ ಶಾಲೆಯಲ್ಲಿ ಚಿತ್ರ ಬರೆದು ಕಲಿತವರು. ಆ ಚಿತ್ರ ತಪ್ಪು, ನಾಲಿಗೆಯ ಎಲ್ಲ ಭಾಗಕ್ಕೂ ಎಲ್ಲ ರುಚಿಯೂ ತಿಳಿಯುತ್ತದೆ ಎಂದು ಈಗಿನ ಪಾಠ. ಆದರೆ ಕಿವಿಗೂ ರುಚಿ ತಿಳಿಯುತ್ತದೆಂದು ಯಾವ ಪಾಠದಲ್ಲೂ ಇರಲಿಲ್ಲ. ನಾನು ಒದ್ದೆ ಬಟ್ಟೆಯನ್ನು ಹಾಗೇ ಹಿಡಿದು ಒಳಗೆ ಬಂದೆ.

ಕೆಲವು ದಿನಗಳ ಮೇಲೆ ಬೆಳಿಗ್ಗೆ ಎಲ್ಲರೂ ಅಡುಗೆಮನೆಯಲ್ಲಿ ಕೂತಿದ್ದಾಗ ಅವಳಿಗೆ ಫೋನ್ ಬಂತು. ಮಾತು ಮುಗಿಸಿ ಬಂದು, ಯಾರಿಗೂ ಅಲ್ಲ ಎನ್ನುವ ಹಾಗೆ, "ಅವರಿಗೆ ರುಚಿ ಬಂತಂತ" ಎಂದಳು. "ಮಜ್ಜಿಗಿ ಅನ್ನದಾಗ ಉಪ್ಪಿನಕಾಯಿ ಹಚ್ಗೊಂಡ್ರಂತ, ಚುರ್ ಅಂತಂತ. ಅವರವ್ವಗ ಇನ್ನೂ ಹೇಳಿಲ್ಲಂತ."

ಓಣಿಯ ತಜ್ಞೆ ಇದರ ಅರ್ಥ ಹುಡುಕುತ್ತಿರುವಷ್ಟರಲ್ಲಿ ಅತ್ತೆಗೆ ಎಲ್ಲ ತಿಳಿದಿತ್ತು. ಹಿಟ್ಟಿನ ಕೈ ಒರೆಸಿಕೊಂಡು, "ಹಂಗಾರ ಅವರವ್ವಗ ನಾ ಹೇಳ್ತೀನಿ. ಫೋನ್ ಹಚ್ಚು" ಎಂದರು. ನಮ್ಮ ಯಜಮಾನರು ತಂಗಿಯ ಕಡೆ ತಿರುಗಿ, "ನೀ ಏನಂತೀ ಸುನಂದಾ?" ಎಂದು ಕೇಳಿದರು.

"ತಡೀರಿ ಅಣ್ಣಾ, ಅವಸರ ಮಾಡಬ್ಯಾಡ್ರಿ" ಎಂದಳು ಅವಳು. "ನಾ ಇನ್ನೂ ಅವರ ಮುಖಾನ ನೋಡಿಲ್ಲ."

ನಮಗೆಲ್ಲ ಆಗಲೇ ಹೊಳೆದದ್ದು. ಇವಳು ನೋಡಿದ್ದು ಒಂದು ಹಳೆಯ ಫೋಟೋ, ಎರಡು ಕೆಂಪು ಕಣ್ಣು, ಅಷ್ಟೇ.

ಕರ್ಫ್ಯೂ ಸಡಿಲಾದ ಮೊದಲ ಭಾನುವಾರ ತಾಯಿ ಮಗ ಇಬ್ಬರೂ ಬಂದರು. ಚಾಪೆ ಹಾಸಲಿಲ್ಲ, ಉಪ್ಪಿಟ್ಟೂ ಮಾಡಲಿಲ್ಲ. ಬಾಗಿಲಲ್ಲಿ ನಿಂತು ಮಹೇಶ ಮಾಸ್ಕ್ ತೆಗೆದ. ಸುನಂದಾ ಯಾವ ನಾಚಿಕೆಯೂ ಇಲ್ಲದೆ ಅವನ ಮುಖವನ್ನು ಪೂರ್ತಿಯಾಗಿ, ಸಾವಕಾಶವಾಗಿ ನೋಡಿದಳು. ಮೂಗು ಸ್ವಲ್ಪ ದೊಡ್ಡದು, ಮೀಸೆ ಒಂದು ಬದಿಗೆ ಜಾಸ್ತಿ. ಆಮೇಲೆ ನೀರು ತರಲು ಒಳಗೆ ಬಂದಳು. ಅತ್ತೆಗೆ ತಡೆಯಲಾಗಲಿಲ್ಲ, ಹಿಂದೆಯೇ ಬಂದು "ಹೆಂಗದಾನ?" ಎಂದರು.

ಸುನಂದಾ ತಂಬಿಗೆ ತುಂಬಿಸುತ್ತ ಹೇಳಿದಳು, "ದನೀಗಿ ಹೊಂದೂ ಹಂಗ ಐತಿ ಬಿಡವ್ವಾ, ಮುಖ."