ಕಮಲಕ್ಕ ತೆಗೆದ ಫೋಟೋ

“ಅಯ್ಯೋ, ನಮ್ಮ ಇವರು! ಬೆರಳಿನಷ್ಟಾಗಿದ್ದಾರೆ ಮಾರಾಯ್ರೆ!” ನನ್ನ ಬಾಕ್ಸ್ ಕ್ಯಾಮೆರಾದ ಮೇಲಿನ ಪುಟ್ಟ ಗಾಜಿಗೆ ಬಗ್ಗಿ ನೋಡುತ್ತಿದ್ದ ಕಮಲಕ್ಕ ಮೈ ಕುಲುಕಿಸಿ ನಕ್ಕರು.

ಅರುವತ್ತರ ದಶಕದ ಮೊದಲ ವರ್ಷಗಳು. ಫೋಟೋ ಕಲಿಯುವ ಹುಚ್ಚಿನಲ್ಲಿ ಪುತ್ತೂರಿನಿಂದ ಬಸ್ಸು ಹತ್ತಿ ಕಡಬಕ್ಕೆ ಬಂದಿದ್ದೆ. ಕಮಲಕ್ಕನ ಗಂಡ ಶೀನಪ್ಪಣ್ಣ ಅಲ್ಲಿ ಚಾ ಹೋಟೆಲು ಇಟ್ಟಿದ್ದರು. ಅವರನ್ನು ಬಾಗಿಲಲ್ಲಿ ನಿಲ್ಲಿಸಿದರೆ ಕೋಲು ನುಂಗಿದವರ ಹಾಗೆ ಸೆಟೆದು ನಿಂತರು. “ಸ್ವಲ್ಪ ನೆಗಾಡಿ” ಎಂದು ಎಷ್ಟು ಬೇಡಿಕೊಂಡರೂ ಹಲ್ಲು ಕಾಣಲಿಲ್ಲ. ರೀಲಿನಲ್ಲಿ ಉಳಿದದ್ದು ಒಂದೇ ಫೋಟೋ. ಅಷ್ಟರಲ್ಲಿ ಕಮಲಕ್ಕ ಕೊಡಪಾನ ಇಳಿಸಿ ಬಂದು, “ಇದರಲ್ಲಿ ಎಂತ ಕಾಣುದು?” ಎಂದು ಕೇಳಿದ್ದಕ್ಕೆ ಕ್ಯಾಮೆರಾವನ್ನು ಅವರ ಕೈಗೇ ಕೊಟ್ಟಿದ್ದೆ.

ನಗುವಿನ ಭರದಲ್ಲಿ ಅವರ ಹೆಬ್ಬೆರಳು ಗುಂಡಿ ಒತ್ತಿಬಿಟ್ಟಿತು. ಟಿಕ್! ನನ್ನ ಕೊನೆಯ ಫೋಟೋ ಹೋಯಿತು.

“ಹಾಳಾಯ್ತಾ?” ಕಮಲಕ್ಕನ ಮುಖ ಬಾಡಿತು.

“ಇಲ್ಲಕ್ಕ, ಎಂತ ಆಗ್ಲಿಲ್ಲ” ಎಂದೆ. ಒಳಗೊಳಗೇ ಉರಿದುಹೋಗಿದ್ದೆ.

ಪುತ್ತೂರಿನ ಸ್ಟುಡಿಯೋದಲ್ಲಿ ರೀಲು ತೊಳೆಸಿ ನೋಡಿದರೆ ನಾನು ತೆಗೆದವರೆಲ್ಲ ಬೊಂಬೆಗಳು. ಕಮಲಕ್ಕನ ಫೋಟೋ ಓರೆಯಾಗಿ, ಹೋಟೆಲಿನ ಹಂಚಿನ ಮಾಡಿನ ಒಂದು ಬದಿ ತುಂಡಾಗಿ ಬಂದಿತ್ತು. ಅದರ ನಡುವೆ ಶೀನಪ್ಪಣ್ಣ, ಚಾ ಸೋಸುವ ಬಟ್ಟೆಯನ್ನು ಕೈಯಲ್ಲೇ ಹಿಡಿದು, ಹೆಂಡತಿಯನ್ನೇ ನೋಡುತ್ತ ಬಾಯಿ ತುಂಬ ನಗುತ್ತಿದ್ದರು.

ಆಮೇಲೆ ಪೆರಾಬೆ, ಸುಳ್ಯ, ಸುಬ್ರಹ್ಮಣ್ಯ ಎಂದು ಎಷ್ಟೋ ಕಡೆ ಕ್ಯಾಮೆರಾ ಹೊತ್ತು ತಿರುಗಿದೆ. ಯಾರನ್ನು ನಿಲ್ಲಿಸಿದರೂ ನಾನು ಮೊದಲು ಕೇಳುತ್ತಿದ್ದ ಮಾತು ಒಂದೇ: “ನಿಮ್ಮ ಮನೆಯವರು ಎಲ್ಲಿ? ಸ್ವಲ್ಪ ನನ್ನ ಹತ್ತಿರ ಬಂದು ನಿಲ್ಲಲಿ.”