ಎಡಕ್ಕೆ ಮುಚ್ಚುವ ಚಕ್ರ

ಬೆಳಗಿನ ಐದಕ್ಕೆ ಇನ್ನೂ ಹತ್ತು ನಿಮಿಷವಿದೆ. ಊರಂಚಿನ ಪಂಪ್‌ಹೌಸಿನಲ್ಲಿ, ಎಲ್ಲರೂ ವಾಲ್ವಕ್ಕ ಎಂದೇ ಕರೆಯುವ ಹೆಂಗಸು ಎದೆಮಟ್ಟದ ಕಬ್ಬಿಣದ ಚಕ್ರಕ್ಕೆ ಎರಡೂ ಕೈ ಹಾಕಿ ನಿಂತಿದ್ದಾರೆ. ಬಾಗಿಲ ಬಳಿ ಊರುಗೋಲನ್ನು ತೊಡೆಯ ಮೇಲಿಟ್ಟುಕೊಂಡು ಕೂತ ಗಂಡ ಕೂಗುತ್ತಾರೆ: "ತೆಗೆಯೋದು ಬಲಕ್ಕೆ ಕಣೇ!"

"ಗೊತ್ತು. ಬಾಯ್ಮುಚ್ಕೊಂಡು ಟೀ ಕುಡೀರಿ."

ದಿನವೂ ಇದೇ ಮಾತಂತೆ. ನಗುವುದು ಗಂಡ ಮಾತ್ರ.

ಇಲ್ಲಿಂದ ದಪ್ಪ ಕೊಳವೆ ಕಾರ್ಖಾನೆಗೆ ಹೋಗುತ್ತದೆ, ಸಣ್ಣದು ಊರಿಗೆ. ಕಾರ್ಖಾನೆ, ಪಂಪ್‌ಹೌಸ್ ಎರಡನ್ನೂ ಕಟ್ಟಿದ್ದು ನೆರೆದೇಶದ ಕಂಪನಿ. ಮೂವತ್ತು ವರ್ಷದ ಒಪ್ಪಂದದ ಪ್ರಕಾರ ಕಾರ್ಖಾನೆಗೆ ದಿನಕ್ಕೆ ಹದಿನೆಂಟು ಗಂಟೆ ನೀರು. ಊರಿನ ಒಂದೊಂದು ಬೀದಿಗೆ ನಲವತ್ತು ನಿಮಿಷ. ಕೊನೆಯ ಬೀದಿಯಲ್ಲಿರುವ ಅಕ್ಕನ ಮನೆಯ ನಲ್ಲಿ ಎಷ್ಟೋ ದಿನ ಬರೀ ಕೆಮ್ಮುತ್ತದೆ. "ನೀರು ಬಿಡೋಳ ಮನೆ ಕೊಡಾನೇ ಖಾಲಿ ಅಂತ ಪಕ್ಕದ ಮನೆಯೋರು ಆಡ್ಕೊಳ್ತಾರೆ."

ಕಂಪನಿಯ ಮೇಲೆ ಸಿಟ್ಟಿಲ್ಲವೇ ಎಂದು, ಪತ್ರಿಕೆಗೆ ಬರೆಯಲು ಬಂದ ನಾನು ಕೇಳುತ್ತೇನೆ.

"ಅವರೇನು ಸಾಹುಕಾರ್ರಲ್ಲಮ್ಮ. ಇಲ್ಲಿದ್ದ ಅವರ ಇಂಜಿನಿಯರು ಹೇಳ್ತಿದ್ರು, ಅವರ ತಾಯಿ ಈಗಲೂ ನೀರು ಹೊತ್ತು ತರ್ತಾರಂತೆ. ನಮಗಿಂತ ಚೂರು ಮುಂಚೆ ಎದ್ದೋರು, ಅಷ್ಟೆ. ಮುಂಚೆ ಎದ್ದೋರೇ ಒಪ್ಪಂದ ಬರೆಯೋದು."

ಗಂಡ ಹೆಂಡತಿ ಇಬ್ಬರೂ ಒಂಬತ್ತು ವರ್ಷ ಊರಿನ ಹಳೆಯ ಪಂಪಿನಲ್ಲಿ ದುಡಿದವರು. ಅದರ ಚಕ್ರ ಬಲಕ್ಕೆ ತಿರುಗಿಸಿದರೆ ಮುಚ್ಚುತ್ತಿತ್ತು. ಕಂಪನಿ ತನ್ನ ದೇಶದಿಂದ ತಂದದ್ದು ಎಡಕ್ಕೆ ಮುಚ್ಚುತ್ತದೆ; ಅದರ ಮೇಲಿನ ಬರಹ ಇಲ್ಲಿ ಯಾರಿಗೂ ಓದಲು ಬರುವುದಿಲ್ಲ. ಮೊದಲ ವರ್ಷವೇ ಕೊಳವೆ ಸೀಳಿತು. ಗುಂಡಿಗಿಳಿದ ಗಂಡ "ಮುಚ್ಚೇ!" ಎಂದು ಕೂಗಿದರು. ಅಕ್ಕ ಇದ್ದ ಶಕ್ತಿಯನ್ನೆಲ್ಲ ಹಾಕಿ ಬಲಕ್ಕೆ ತಿರುಗಿಸಿದರು. ಇನ್ನಷ್ಟು ನೀರು ನುಗ್ಗಿತು. ಸಿಡಿದ ಕೊಳವೆಯ ತುಂಡು ಗಂಡನ ಮೊಣಕಾಲನ್ನು ಜಜ್ಜಿತು.

"ಕೈಗೆ ರೂಢಿಯಾಗಿತ್ತಲ್ಲ. ತಲೆಗೆ ಹೊಳೆಯೋದರೊಳಗೆ ಕೈ ತಿರುಗಿಸಿಬಿಡ್ತು."

ಅಕ್ಕ ಆ ವಾರವೇ ಚಕ್ರದ ಮೇಲೆ ಎಡಕ್ಕೆ ಮುಖ ಮಾಡಿದ ಕೆಂಪು ಬಾಣ ಬರೆದರು. ಕಂಪನಿಯ ಆಸ್ತಿಯ ಮೇಲೆ ಏನೂ ಬರೆಯಕೂಡದಂತೆ. ವರ್ಷಕ್ಕೊಮ್ಮೆ ಪೇಂಟರು ಬಂದು ಬೂದು ಬಣ್ಣ ಬಳಿದುಹೋಗುತ್ತಾರೆ. ಮರುದಿನ ಅಕ್ಕ ಮತ್ತೆ ಬರೆಯುತ್ತಾರೆ. ಇದುವರೆಗೆ ಎಂಟು ಸಲವಾಗಿದೆ.

ಮುಂದಿನ ತಿಂಗಳಿಂದ ನೀರು ಬಿಡುವುದು ನೆರೆದೇಶದ ಕಚೇರಿಯಲ್ಲಿ ಕೂತವರು, ಒಂದು ಬಟನ್ ಒತ್ತಿ. ಕರೆಂಟು ಹೋದರೆ ಮಾತ್ರ ಚಕ್ರಕ್ಕೆ ಕೈ ಬೇಕು. ಅದಕ್ಕೆ ಗುತ್ತಿಗೆದಾರರು ಯಾರನ್ನೋ ಕಳಿಸುತ್ತಾರೆ. ಅಕ್ಕನಿಗೆ ಬರಬೇಡಿ ಎಂದಿದ್ದಾರೆ. ಬೂದು ಬಣ್ಣದ ಹೊಸ ಡಬ್ಬಿಗಳು ಆಗಲೇ ಮೂಲೆಗೆ ಬಂದು ಕೂತಿವೆ.

ಮುಂದೇನು ಎಂದು ನಾನು ಕೇಳುವ ಮೊದಲೇ ಅವರೇ ಹೇಳುತ್ತಾರೆ: "ಕೆಲಸದ್ದು ಹೆಂಗೋ ಆಗುತ್ತೆ ಬಿಡಿ. ಬಾಣ ಅಳಿಸಬೇಡಿ ಅಂತ ಬರೀತೀರಾ? ಹೊಸದಾಗಿ ಬರೋರೂ ನಮ್ಮೂರೋರೇ ತಾನೆ. ಅವರ ಕೈಯೂ ಮೊದಲು ಬಲಕ್ಕೇ ಹೋಗೋದು."